ಪ್ರೋಗ್ರಾಮ್ ಯಾರ ಸ್ವತ್ತು? ಒಂಬತ್ತನೇ ತರಗತಿಗೆ ಒಂದು ಪಾಠ

ಕಂಪ್ಯೂಟರ್ ಪ್ರೋಗ್ರಾಮ್ ಕಾನೂನಿನ ಪ್ರಕಾರ 'ಸಾಹಿತ್ಯ ಕೃತಿ' ಎಂದರೆ ಮಕ್ಕಳು ನಗದೆ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಬಂದ ತಿದ್ದುಪಡಿ ಅದನ್ನು ಆ ವ್ಯಾಖ್ಯೆಗೆ ಸೇರಿಸಿತು. ಆ ನಗುವಿನಿಂದಲೇ ಪಾಠ ಆರಂಭಿಸಬಹುದು.

ಐದು ಅಂಕಗಳ ಸರಾಸರಿ ತೆಗೆಯುವ ಪ್ರೋಗ್ರಾಮನ್ನು ಎರಡು ಗುಂಪುಗಳಿಂದ ಬೇರೆ ಬೇರೆಯಾಗಿ ಬರೆಸಬೇಕು. ಉತ್ತರ ಒಂದೇ, ಸಾಲುಗಳು ಬೇರೆ. ಸರಾಸರಿಯ ಸೂತ್ರ ಯಾರ ಸ್ವತ್ತೂ ಅಲ್ಲ. ಹಕ್ಕು ಇರುವುದು ಬರೆದ ಸಾಲುಗಳ ಮೇಲೆ. ಇಷ್ಟು ತಿಳಿದರೆ ಅರ್ಧ ಪಾಠ ಮುಗಿದಂತೆ.

ಕಷ್ಟ ಬರುವುದು ಮುಂದಿನ ಪ್ರಶ್ನೆಗೆ: "ದುಡ್ಡು ಕೊಟ್ಟೇ ಸಿ.ಡಿ. ತಂದಿದ್ದೇವಲ್ಲ ಸರ್, ಲ್ಯಾಬಿನ ಹತ್ತು ಕಂಪ್ಯೂಟರಿಗೂ ಹಾಕಿದರೆ ತಪ್ಪೇನು?" ನಾವು ಕೊಂಡದ್ದು ಸಿ.ಡಿ. ಮತ್ತು ಬಳಸುವ ಪರವಾನಗಿ, ಪ್ರೋಗ್ರಾಮನ್ನಲ್ಲ. ಎಷ್ಟು ಯಂತ್ರಗಳಿಗೆ ಎಂಬುದು ಪರವಾನಗಿಯಲ್ಲೇ ಇರುತ್ತದೆ. ಸಿ.ಡಿ. ಹಾಳಾದೀತೆಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ. ಕಳ್ಳಪ್ರತಿಯೆಂದು ಗೊತ್ತಿದ್ದೂ ಬಳಸಿದರೆ 63ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಸೆರೆ, ಜೊತೆಗೆ ದಂಡ. (ಲಾಭಕ್ಕಲ್ಲದ ಬಳಕೆಗೆ, ವಿಶೇಷ ಕಾರಣಗಳಿದ್ದರೆ, ನ್ಯಾಯಾಲಯ ಸೆರೆಯನ್ನು ಬಿಡಬಹುದು.) ಶಿಕ್ಷೆ ಹೇಳಿ ಹೆದರಿಸುವ ಪಾಠ ನನಗೆ ಹಿಡಿಸುವುದಿಲ್ಲ.

ಹಣವಿಲ್ಲದ ಶಾಲೆಗೆ ದಾರಿ ಯಾವುದು? ಲಿನಕ್ಸ್, ಲಿಬ್ರೆಆಫೀಸ್‌ಗಳ ಪರವಾನಗಿಯೇ ಪ್ರತಿ ಮಾಡಲು ಅನುಮತಿಸುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಈ ದಾರಿ ಹಿಡಿದಿವೆ. ಅಲ್ಲಿಯೂ ಕೃತಿಸ್ವಾಮ್ಯ ಇದ್ದೇ ಇದೆ: ಲಿನಕ್ಸ್ ಕರ್ನೆಲನ್ನು ತಿದ್ದಿ ಹಂಚುವವರು ತಿದ್ದಿದ ಸಾಲುಗಳನ್ನೂ ಅದೇ ಷರತ್ತಿನಲ್ಲಿ ಕೊಡಬೇಕು.

ಗೃಹಕಾರ್ಯ: ಮನೆಯ ಫೋನಿನಲ್ಲಿರುವ ಒಂದು ಆ್ಯಪಿನ ಪರವಾನಗಿ ಓದಿ, ಅದು ಯಾವುದನ್ನು ಮಾಡಬಾರದೆನ್ನುತ್ತದೆ ಎಂದು ಬರೆದು ತನ್ನಿ.