ಹಳೆಯ ಸರ್ವರಿಗೆ ನೆಟ್‌ವರ್ಕ್ ಪ್ರಿಂಟರ್ ಜೋಡಣೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ವಹಿವಾಟಿನಲ್ಲಿ ಚೀಲ ಹೇರಿದ ಮಾತ್ರಕ್ಕೆ ಲಾರಿ ಹೊರಡಲಾರದು, ಬಿಲ್ಲು ಕೈಸೇರಬೇಕು. ಜಿಎಸ್‌ಟಿ ನಿಯಮದಂತೆ ಸರಕಿನ ಇನ್‌ವಾಯ್ಸ್ ಖರೀದಿದಾರ, ಸಾಗಣೆದಾರ ಹಾಗೂ ಮಾರಾಟಗಾರರಿಗಾಗಿ ಮೂರು ಪ್ರತಿಗಳಲ್ಲಿರತಕ್ಕದ್ದು. ದಾಖಲೆಯಿಲ್ಲದೆ ಸಾಗುವ ಸರಕನ್ನು ಕಾಯಿದೆಯ 129ನೆಯ ಕಲಮಿನನ್ವಯ ತಡೆಹಿಡಿಯಬಹುದು. ಪ್ರಿಂಟರ್ ನಿಂತರೆ ವ್ಯಾಪಾರವೇ ನಿಂತಂತೆ.

ವಿಂಡೋಸ್ ಸರ್ವರ್ 2003ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2015ರ ಜುಲೈನಲ್ಲಿಯೂ, 2008ಕ್ಕೆ 2020ರ ಜನವರಿಯಲ್ಲಿಯೂ ಕೊನೆಗೊಂಡಿತು. ಇವುಗಳನ್ನು ಬದಲಿಸುವುದೇ ಲೇಸು. ಆದರೆ ಹಳೆಯ ಲೆಕ್ಕದ ತಂತ್ರಾಂಶ ಅವುಗಳಲ್ಲಿಯೇ ನಡೆಯುತ್ತಿರುವ ತನಕ ಮುದ್ರಣದ ವ್ಯವಸ್ಥೆಯನ್ನಾದರೂ ಭದ್ರಪಡಿಸಿಕೊಳ್ಳಬೇಕು.

ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಹೋಗಿಬರುವುದು ನಿತ್ಯದ ಸಂಗತಿ. ವಿದ್ಯುತ್ ಮರಳಿದಾಗ ರೂಟರ್ ಪ್ರಿಂಟರಿಗೆ ಹೊಸ ಐಪಿ ವಿಳಾಸವನ್ನು ಕೊಡುವ ಸಂಭವವುಂಟು. ಸರ್ವರ್ ಮಾತ್ರ ಹಳೆಯ ವಿಳಾಸಕ್ಕೇ ಬಿಲ್ಲನ್ನು ಕಳುಹಿಸುತ್ತಿರುತ್ತದೆ. ಪ್ರಿಂಟರ್ ಕೆಟ್ಟಿದೆಯೆಂದು ದುರಸ್ತಿಗಾರನನ್ನು ಕರೆಸುವ ಮೊದಲು ಇದನ್ನು ನೋಡಬೇಕು. ರೂಟರ್ 100ರಿಂದ 199ರವರೆಗಿನ ವಿಳಾಸಗಳನ್ನು ಹಂಚುತ್ತಿದ್ದರೆ, ಪ್ರಿಂಟರಿನ ಫಲಕದಲ್ಲಿ ಆ ವ್ಯಾಪ್ತಿಯ ಹೊರಗಿನ, ಉದಾಹರಣೆಗೆ 192.168.1.50ರಂಥ, ಸ್ಥಿರ ವಿಳಾಸವನ್ನು ನಮೂದಿಸಿ, ಅದನ್ನು ಯಂತ್ರದ ಮೇಲೆಯೇ ಬರೆದು ಅಂಟಿಸಬೇಕು.

ಬಳಿಕ ಸರ್ವರಿನಲ್ಲಿ ‘ಆ್ಯಡ್ ಪ್ರಿಂಟರ್’ ತೆರೆದಾಗ ಬಹುತೇಕರು ‘ನೆಟ್‌ವರ್ಕ್ ಪ್ರಿಂಟರ್’ ಎಂಬುದನ್ನು ಆರಿಸುತ್ತಾರೆ. ಆರಿಸಬೇಕಾದದ್ದು ‘ಲೋಕಲ್ ಪ್ರಿಂಟರ್’. ಹೆಸರು ದಾರಿ ತಪ್ಪಿಸುವಂಥದು, ನಿಜ. ಆದರೆ ಇಲ್ಲಿ ಪ್ರಿಂಟರಿನ ಸರದಿಯನ್ನು ನಡೆಸುವುದು ಈ ಸರ್ವರೇ. ತಾನಾಗಿ ಪತ್ತೆಹಚ್ಚುವ ಆಯ್ಕೆಯನ್ನು ತೆಗೆದು, ಹೊಸ ಪೋರ್ಟ್ ರಚಿಸುವಲ್ಲಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ, ವಿಳಾಸವನ್ನು ಕೊಟ್ಟು, ಆ ಸರ್ವರಿಗೆ ಹೊಂದುವ ಡ್ರೈವರನ್ನು ಸ್ಥಾಪಿಸಬೇಕು. ಕಾರ್ಬನ್ ಪ್ರತಿಗಾಗಿ ಬಳಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ನೆಟ್‌ವರ್ಕ್ ಸೌಲಭ್ಯವಿಲ್ಲದಿದ್ದರೆ ‘ಪ್ರಿಂಟ್ ಸರ್ವರ್’ ಎಂಬ ಸಣ್ಣ ಪೆಟ್ಟಿಗೆಯನ್ನು ನಡುವೆ ಜೋಡಿಸಬೇಕಾಗುತ್ತದೆ. ಯಂತ್ರ ಸರಿಯಿದ್ದರೂ ‘ಆಫ್‌ಲೈನ್’ ಎಂದು ತೋರಿದರೆ ಪೋರ್ಟಿನ ವಿವರದಲ್ಲಿರುವ ಎಸ್‌ಎನ್‌ಎಂಪಿ ಗುರುತನ್ನು ತೆಗೆದು ನೋಡಬಹುದು.

ಇ-ವೇ ಬಿಲ್ಲಿಗಾಗಿ ಹೊಸ ಗಣಕಯಂತ್ರ ಬಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಸರ್ವರ್ 2003 ಬಲ್ಲದ್ದು ಎಸ್‌ಎಂಬಿ 1 ಎಂಬ ಹಳೆಯ ಸಂಪರ್ಕಕ್ರಮವನ್ನು ಮಾತ್ರ. 2017ರ ಕೊನೆಯಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ವಿಂಡೋಸ್ 11ರಲ್ಲಿಯೂ ಹಾಗೆಯೇ. ಹೀಗಾಗಿ ಸರ್ವರ್ ಹಂಚಿದ ಪ್ರಿಂಟರ್ ಹೊಸ ಯಂತ್ರಕ್ಕೆ ಕಾಣದು. ಅದನ್ನು ಮತ್ತೆ ಚಾಲೂ ಮಾಡೆಂಬ ಸಲಹೆ ಸುಲಭವಾಗಿ ದೊರೆಯುತ್ತದೆ, ಆದರೆ ಅನುಸರಿಸತಕ್ಕದ್ದಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ‘ವನ್ನಾಕ್ರೈ’ ಹಬ್ಬಿದ್ದು ಆ ದಾರಿಯಿಂದಲೇ. ಹೊಸ ಯಂತ್ರದಲ್ಲಿಯೂ ಅದೇ ಸ್ಥಿರ ವಿಳಾಸಕ್ಕೆ ಪ್ರತ್ಯೇಕ ಪೋರ್ಟ್ ರಚಿಸಿದರೆ ಸರ್ವರಿನ ಹಂಗಿಲ್ಲದೆ ಮುದ್ರಣವಾಗುತ್ತದೆ.

ಲೆಕ್ಕದ ದೃಷ್ಟಿಯಿಂದ ಹೆಚ್ಚು ಅಪಾಯಕಾರಿಯಾದುದು ಸರದಿಯಲ್ಲಿ ಸಿಲುಕಿದ ಬಿಲ್ಲು. ಮುದ್ರಣವಾಗಲಿಲ್ಲವೆಂದು ಗುಮಾಸ್ತನು ಹೊಸ ಸಂಖ್ಯೆಯಲ್ಲಿ ಇನ್ನೊಂದು ಬಿಲ್ಲನ್ನು ಮಾಡಿದರೆ ಒಂದೇ ಸರಕಿಗೆ ಎರಡು ಮಾರಾಟ, ಎರಡು ತೆರಿಗೆ ದಾಖಲಾಗುತ್ತವೆ. ಮೊದಲು ಸರದಿಯನ್ನು ತೆರೆದು ಬಾಕಿಯಿರುವ ಬಿಲ್ಲುಗಳ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ನಂತರ ‘ಪ್ರಿಂಟ್ ಸ್ಪೂಲರ್’ ಸೇವೆಯನ್ನು ನಿಲ್ಲಿಸಿ, ಸ್ಪೂಲ್ ಕಡತಕೋಶದೊಳಗಿನ ‘ಪ್ರಿಂಟರ್ಸ್’ ಕೋಶವನ್ನು ಬರಿದುಮಾಡಿ, ಸೇವೆಯನ್ನು ಮತ್ತೆ ಆರಂಭಿಸಿ, ಅದೇ ಸಂಖ್ಯೆಯ ಬಿಲ್ಲನ್ನೇ ಪುನಃ ಮುದ್ರಿಸತಕ್ಕದ್ದು.