ಅಕೇಶಿಯಾ ಕುಲದ ವಿಭಜನೆ
ಅಕೇಶಿಯಾ ಒಂದೇ ಕುಲವಲ್ಲ ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿದವು. ನಿಯಮದಂತೆ ಆ ಹೆಸರು ಮಾದರಿ ಪ್ರಭೇದವಾದ ಕರಿಜಾಲಿಯ ಗುಂಪಿಗೇ ಉಳಿಯಬೇಕಿತ್ತು. ಹಾಗಾದರೆ ಆಸ್ಟ್ರೇಲಿಯಾದ ಸುಮಾರು 1000 ಪ್ರಭೇದಗಳಿಗೆ ಮರುನಾಮಕರಣ ಮಾಡಬೇಕಾಗುತ್ತಿತ್ತು. ಅದನ್ನು ತಪ್ಪಿಸಲು 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಮಾದರಿಯನ್ನೇ ಬದಲಿಸಿ, ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಉಳಿಸಿತು. ಸವನ್ನಾದ ಗುರುತಾಗಿದ್ದ ಹೆಸರು ಕೈತಪ್ಪಿತೆಂದು ಆಫ್ರಿಕಾದ ಸಸ್ಯವಿಜ್ಞಾನಿಗಳು ಪ್ರತಿಭಟಿಸಿದರು. ಅವರ ಆಕ್ಷೇಪದಲ್ಲಿ ನ್ಯಾಯವಿತ್ತು. ಆದರೂ 2011ರ ಮೆಲ್ಬರ್ನ್ ಸಮ್ಮೇಳನ ನಿರ್ಧಾರವನ್ನು ಎತ್ತಿಹಿಡಿಯಿತು.

ನೆನಪಿಡಿ: ಜೋಡಿ ನೇರ ಮುಳ್ಳು, ಹಳದಿ ಗುಂಡು ಹೂವಿನ ಕರಿಜಾಲಿ ಈಗ ವಾಚೆಲಿಯಾ ನಿಲೋಟಿಕಾ. ಕಾಚಿನ ಮರ ಸೆನೆಗಾಲಿಯಾ ಕೆಟೆಚು. ಮಲೆನಾಡಿನ ನೆಡುತೋಪುಗಳ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಮಾತ್ರ ಆಸ್ಟ್ರೇಲಿಯಾದ ಗುಂಪಿನದು, ಹೆಸರು ಬದಲಾಗಿಲ್ಲ. ಹಳೆಯ ಪಠ್ಯಗಳಲ್ಲಿ ಕರಿಜಾಲಿ ಅಕೇಶಿಯಾ ನಿಲೋಟಿಕಾ ಎಂದೇ ಇದೆ. ಎರಡೂ ಹೆಸರು ತಿಳಿದಿರಲಿ.