ಮೂರನೇ ಗಂಟಿನ ಫೋಟೊ

ಮದುವೆ ಕೆಲಸಕ್ಕೆ ಯಾವ ಕ್ಯಾಮೆರಾ ಬಾಡಿ ತಗೊಳ್ಳಲಿ ಅಂತ ನಮ್ಮ ಕಡೆಯ ಹುಡುಗರು ಬಂದರೆ ನಾನು ಮೆಗಾಪಿಕ್ಸೆಲ್ ವಿಚಾರ ಎತ್ತುವುದಿಲ್ಲ. 24 ಇದ್ದರೆ 12×36 ಆಲ್ಬಮ್ಮಿಗೆ ಧಾರಾಳ. ಸೈಲೆಂಟ್ ಶಟರ್‌ನಿಂದ ಮೆಕ್ಯಾನಿಕಲ್‌ಗೆ ಒಂದೇ ಗುಂಡಿಯಲ್ಲಿ ಬರಲು ಆಗುತ್ತದೆಯೇ ಅಂತ ಮೊದಲು ನೋಡಿ ಎನ್ನುತ್ತೇನೆ. ಇದನ್ನು ಹೆಮ್ಮಿಗೆ ಎಂಬ ಹಳ್ಳಿಯ ಒಂದು ಮದುವೆ ಚಪ್ಪರದಲ್ಲಿ ಕಲಿತೆ.

ನನ್ನ ಕ್ಯಾಮೆರಾಕ್ಕೆ ಅರ್ಧ ದುಡ್ಡು ಹಾಕಿದವರು ಸೋದರಮಾವ. ಮೈಸೂರಿನ ಅಂಗಡಿಯಲ್ಲಿ ಸದ್ದಿಲ್ಲದೆ ಫೋಟೊ ತೆಗೆದು ತೋರಿಸಿದ್ದೇ ತಡ, ಅವರು ಮನಸೋತರು. ‘ಎಲ್‌ಇಡಿ ಬೆಳಕಿನಲ್ಲಿ ಹೇಗೆ ಬರುತ್ತೆ?’ ಎಂದು ನಾನು ಕೇಳಿದೆ. ‘ಎಲ್ಲ ಸೂಪರಾಗಿ ಬರುತ್ತೆ ಸಾರ್’ ಎಂದ ಅಂಗಡಿಯವನು. ಮಾವನಿಗೆ ಅಷ್ಟು ಸಾಕಾಯಿತು.

ಹೆಮ್ಮಿಗೆಯ ಆ ಮದುವೆಯಲ್ಲಿ ಮುಹೂರ್ತ ಬೆಳಗಾಗುವ ಮುಂಚೆ ಇತ್ತು. ಮನೆ ಮುಂದಿನ ಚಪ್ಪರಕ್ಕೆ ಡೆಕೊರೇಷನ್‌ನವರು ಅಗ್ಗದ ಎಲ್‌ಇಡಿ ಲೈಟು ಕಟ್ಟಿದ್ದರು. ಕರೆಂಟು ಹೋಗಿ ಜನರೇಟರ್ ಓಡುತ್ತಿತ್ತು. ನಾನು ಫ್ಲ್ಯಾಶ್ ಹಾಕಿಕೊಂಡು ಮೆಕ್ಯಾನಿಕಲ್ ಶಟರ್‌ನಲ್ಲೇ ತೆಗೆಯುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಮಾವ, ‘ಲೋ, ಅಯ್ನೋರ ಮಂತ್ರ ಕೇಳಿಸ್ತಿಲ್ಲ, ಆ ಟಕಟಕ ನಿಲ್ಸು. ಸದ್ದಿಲ್ದೇ ಇರೋದ್ನ ಹಾಕು, ಅದಕ್ಕೇ ಅಲ್ವಾ ಅಷ್ಟು ದುಡ್ಡು ಸುರಿದಿರೋದು’ ಎಂದರು. ಹೆಣ್ಣಿನ ಕಡೆಯ ಹಿರಿಯರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಜನರ ಎದುರಿಗೆ ಮಾವನ ಮಾತು ಮೀರುವುದು ಹೇಗೆ? ಹಾಕಿದೆ.

ವಾಲಗದವರು ಗಟ್ಟಿಮೇಳ ಶುರುಮಾಡಿದರು. ಗಂಡು ತಾಳಿ ಹಿಡಿದು ಬಗ್ಗಿದ. ಗುಂಡಿ ಒತ್ತಿದೆ, ಫ್ಲ್ಯಾಶ್ ಬರಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಪರದೆ ನೋಡಿದರೆ ಹೆಣ್ಣಿನ ಹಣೆಯಿಂದ ಕೊರಳಿನವರೆಗೆ ಜಮಖಾನದ ಹಾಗೆ ಕಪ್ಪು ಪಟ್ಟೆ! ಒಂದನೇ ಗಂಟು ಬಿತ್ತು. ಮೆನು ತೆರೆದೆ. ಶಟರ್ ಬದಲಿಸುವ ಜಾಗ ಎಷ್ಟೋ ಪುಟ ಒಳಗೆ. ಮುಂದೆ ನಾಲ್ಕು ಮೊಬೈಲು ಎದ್ದವು, ಮೇಲಿಂದ ಅಕ್ಷತೆ ಬೀಳುತ್ತಿದೆ, ಕೈ ಬೆವರಿ ಬೆರಳು ಜಾರುತ್ತಿದೆ. ಎರಡನೇ ಗಂಟೂ ಆಯಿತು. ಕೊನೆಗೂ ಮೆಕ್ಯಾನಿಕಲ್ ಸಿಕ್ಕಿತು, ಮೊಬೈಲುಗಳ ನಡುವೆ ಮೊಣಕಾಲೂರಿದೆ. ಟಕ್ ಎಂದಿತು, ಫ್ಲ್ಯಾಶ್ ಹೊಡೆಯಿತು. ಮೂರನೇ ಗಂಟು ಸಿಕ್ಕಿತು: ಗಂಡಿನ ಬೆರಳು, ಹೆಣ್ಣಿನ ತಗ್ಗಿದ ಕಣ್ಣು, ಗಾಳಿಯಲ್ಲಿ ಅಕ್ಷತೆ. ಆ ಫೋಟೊ ತೆಗೆದದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ. ಆದರೆ ಆಲ್ಬಮ್ ಕೊಡುವ ದಿನ ಹೆಣ್ಣಿನ ತಂದೆ ಉಳಿದೆರಡು ಗಂಟು ಎಲ್ಲಿ ಎಂದಾಗ, ಮಾವ ಎಲ್ಲರೆದುರು ‘ಇವನಿಗೆ ಸೆಟ್ಟಿಂಗ್ ಬರಲ್ಲ’ ಎಂದುಬಿಟ್ಟರು. ಆ ಮಾತು ಇನ್ನೂ ಚುಚ್ಚುತ್ತದೆ.

ಸೆಟ್ಟಿಂಗ್ ವಿಷಯ ಇಷ್ಟೇ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗಿ ಉರಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸೈಲೆಂಟ್ ಎಂದರೆ ಎಲೆಕ್ಟ್ರಾನಿಕ್ ಶಟರ್, ಅದು ಸೆನ್ಸರ್ ಅನ್ನು ಸಾಲು ಸಾಲಾಗಿ ಓದುವುದರಿಂದ ಬೆಳಕು ಕುಗ್ಗಿದಾಗ ಓದಿದ ಸಾಲು ಕಪ್ಪಾಗುತ್ತದೆ. ಶಟರ್ ವೇಗ 1/100ಕ್ಕೆ ಇಟ್ಟರೆ ಪಟ್ಟೆ ತಗ್ಗೀತು. ಆದರೆ ಜನರೇಟರ್ ಮೇಲೆ ಲೋಡು ಏರಿಳಿದರೆ ಹರ್ಟ್ಸೂ ಏರಿಳಿಯುತ್ತದೆ, ಅದನ್ನು ನಂಬಿ ಕೂರಲಾಗದು. 2021ರ ನಿಕಾನ್ ಝಡ್9ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಸೆನ್ಸರ್ ಅಷ್ಟು ಬೇಗ ಓದುತ್ತದೆ. 2023ರಲ್ಲಿ ಘೋಷಣೆಯಾದ ಸೋನಿ ಎ9 ಮಾರ್ಕ್ 3 ಎಲ್ಲ ಸಾಲನ್ನೂ ಒಟ್ಟಿಗೇ ಹಿಡಿಯುತ್ತದೆ. ಹಳ್ಳಿ ಮದುವೆಯ ಸಂಪಾದನೆಗೆ ಅವು ಎಟಕುವುದಿಲ್ಲ. ಹಾಗಾಗಿ ಕೊಳ್ಳುವ ಮುಂಚೆ ಒಂದು ರಾತ್ರಿ ಬಾಡಿಗೆಗೆ ತಂದು ನಂಜನಗೂಡಿನದೋ ನರಸೀಪುರದ್ದೋ ಒಂದು ಛತ್ರದ ಬೆಳಕಿನಲ್ಲಿ ಎರಡೂ ಶಟರ್‌ನಲ್ಲಿ 1/500ಕ್ಕೆ ತೆಗೆದು ನೋಡಿ. ಅಂಗಡಿಯ ಗಾಜಿನ ಮೇಜಿನ ಮೇಲೆ ಏನೂ ತಿಳಿಯದು.

ಶಟರ್ ಆದಮೇಲೆ ಕಾರ್ಡು ನೋಡಿ: ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಫೋಟೊ ಉಳಿಯಲು ಎರಡು ಸ್ಲಾಟ್ ಇರಲೇಬೇಕು. ಸೋನಿ ಎ7 ಮಾರ್ಕ್ 3, ಕ್ಯಾನನ್ ಆರ್6, ನಿಕಾನ್ ಝಡ್6 ಮಾರ್ಕ್ 2 ಮೂರರಲ್ಲೂ ಇವೆ. ಮೊದಲ ಝಡ್6ರಲ್ಲೂ ಕ್ಯಾನನ್ ಇಒಎಸ್ ಆರ್‌ನಲ್ಲೂ ಒಂದೇ.

ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ಈಗಲೂ ಒಳ್ಳೆಯದೇ, ಎರಡು ಸ್ಲಾಟೂ ಇವೆ. ಅದರ ಶಟರ್ ಅನ್ನು 1,50,000 ಕ್ಲಿಕ್‌ವರೆಗೆ ಪರೀಕ್ಷಿಸಿದ್ದಾರೆ. ನಿಕಾನ್ ಫೋಟೊ ಫೈಲಿನೊಳಗೇ ಕ್ಲಿಕ್‌ಗಳ ಎಣಿಕೆ ಇರುತ್ತದೆ. ಮಾರುವವನ ಎದುರಿಗೇ ಒಂದು ಫೋಟೊ ತೆಗೆದು ನೋಡಿಕೊಳ್ಳಿ. ಅವನು ಒಲ್ಲೆ ಎಂದರೆ ಎದ್ದು ಬನ್ನಿ.